ರಾಮ್-ಲ್ಯಾಕ್ ಫಿಲ್ಟರನ್ನು ನಾನೇ ಬರೆದು ಸಿಟಿ ಚಿತ್ರ ಕಟ್ಟಿದ್ದು

ಸಿಟಿ ಸ್ಕ್ಯಾನ್‌ನಲ್ಲಿ ಒಳಗಿನ ಚಿತ್ರ ಕಟ್ಟುವ ಒಂದು ದಾರಿ, ಹಲವು ಕೋನಗಳಿಂದ ತೆಗೆದ ಎಕ್ಸ್‌ರೇ ಅಳತೆಗಳನ್ನು ಹಿಂದಕ್ಕೆ ಹರಡಿ ಕೂಡಿಸುವುದು; ಚಿತ್ರ ಮಸುಕಾಗದಂತೆ ಹರಡುವ ಮೊದಲು ಆ ಅಳತೆಗಳನ್ನು ತಿದ್ದುವುದೇ ಫಿಲ್ಟರ್. ಸಿಟಿ ಚಿತ್ರ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ಫಿಲ್ಟರ್ ಆರಿಸುವಲ್ಲಿ ‘ರಾಮ್-ಲ್ಯಾಕ್’ ಎಂಬ ಹೆಸರು ಸಾಮಾನ್ಯವಾಗಿ ಇರುತ್ತದೆ. ರಾಮ್ ಅಂದರೆ ಜಿ.ಎನ್. ರಾಮಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದವರು. ಲ್ಯಾಕ್ ಅಂದರೆ ಎ.ವಿ. ಲಕ್ಷ್ಮೀನಾರಾಯಣನ್. ಅಳತೆಗಳನ್ನು ಆವರ್ತನಗಳಾಗಿ ಬಿಡಿಸುವ ಫೂರಿಯೆ ಲೆಕ್ಕದ ಗೊಡವೆಯಿಲ್ಲದೆ, ಬರೀ ಕನ್ವಲ್ಯೂಷನ್‌ನಿಂದ (ಪ್ರತಿ ಅಳತೆಗೆ ಅಕ್ಕಪಕ್ಕದವನ್ನು ಗೊತ್ತಾದ ತೂಕದಲ್ಲಿ ಕೂಡಿಸುವುದು) ಚಿತ್ರ ಕಟ್ಟಬಹುದು ಎಂದು ಇಬ್ಬರೂ 1971ರಲ್ಲಿ ತೋರಿಸಿದರು. ಅದೇ ವರ್ಷ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಸಿಟಿ ಕಂಡುಹಿಡಿದ ಇಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. ಅದರ 80×80 ಚಿತ್ರ ಬಂದದ್ದು ಬೇರೆ ದಾರಿಯಿಂದ: ಊಹೆಯನ್ನು ಸುತ್ತು ಸುತ್ತಾಗಿ ತಿದ್ದುತ್ತ ಹೋಗುವುದು.

ನಾನು ಬರೆದದ್ದು ಪೈಥಾನ್‌ನಲ್ಲಿ. ಅಂಕಿಗಳ ಸಾಲುಗಳ ಮೇಲೆ ಲೆಕ್ಕ ಮಾಡುವ ನಂಪೈ ಲೈಬ್ರರಿ ಒಂದಿದ್ದರೆ ಸಾಕು.

ಮೊದಲೇ ತಲೆಯ ಫ್ಯಾಂಟಮ್‌ಗೆ (ಪರೀಕ್ಷೆಗೆಂದು ಮಾಡಿದ ಕೃತಕ ತಲೆಯ ಚಿತ್ರ) ಕೈ ಹಾಕಲಿಲ್ಲ. 256×256 ಚೌಕದ ನಡುವೆ 50 ಪಿಕ್ಸೆಲ್ ತ್ರಿಜ್ಯದ, ಬೆಲೆ 1 ಇರುವ ಒಂದು ಬಿಲ್ಲೆ. ಇದರ ಪ್ರೊಜೆಕ್ಷನ್, ಅಂದರೆ ಒಂದು ಕೋನದಿಂದ ಹಾಯುವ ಪ್ರತಿ ಗೆರೆಯ ಮೇಲಿನ ಬೆಲೆಗಳ ಮೊತ್ತ, ಸೂತ್ರದಿಂದಲೇ ಸಿಗುತ್ತದೆ: 2√(50²−t²), ನಡುವೆ 100; t ಅಂದರೆ ನಡುವಿನಿಂದ ಗೆರೆಗಿರುವ ದೂರ. ಆದರೆ ನಡುವಿನ ಬಿಲ್ಲೆ ಎಲ್ಲ ಕೋನದಿಂದಲೂ ಒಂದೇ ತರಹ ಕಾಣುವುದರಿಂದ ಕೋನದ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಹಾಗಾಗಿ x=60, y=30ರಲ್ಲಿ 5 ಪಿಕ್ಸೆಲ್ ತ್ರಿಜ್ಯದ ಇನ್ನೊಂದು ಬಿಲ್ಲೆ ಇಟ್ಟೆ. ಕೋನದ ಚಿಹ್ನೆ ತಪ್ಪಿದರೆ ಅದು y=−30ಕ್ಕೆ ಹೋಗಿ, ಅಲ್ಲೂ ಚೂಪಾಗಿಯೇ ಕೂತಿರುತ್ತದೆ. ಚಿತ್ರ ಚೆನ್ನಾಗಿದೆ ಅಂತ ನಂಬಿಬಿಡುವ ಅಪಾಯ ಇಲ್ಲೇ.

ಚೌಕದ ಕರ್ಣ 362 ಪಿಕ್ಸೆಲ್, ಅದಕ್ಕೆ 363 ಡಿಟೆಕ್ಟರ್. ಬೆಸ ಸಂಖ್ಯೆ ಬೇಕೆಂದೇ ತೆಗೆದುಕೊಂಡೆ. ನಟ್ಟನಡುವಿನದು 181ನೆಯದು (ಎಣಿಕೆ 0ಯಿಂದ). 0.45 ಡಿಗ್ರಿಗೊಂದರಂತೆ 400 ಕೋನ. 180ನೇ ಡಿಗ್ರಿಯನ್ನು ಸೇರಿಸಬಾರದು, ಅದು 0 ಡಿಗ್ರಿಯದೇ ಕನ್ನಡಿ ಬಿಂಬ; ಸೇರಿಸಿದರೆ ಆ ಗೆರೆಗಳು ಎರಡು ಸಲ ಲೆಕ್ಕಕ್ಕೆ ಬರುತ್ತವೆ.

ಇನ್ನು ಫಿಲ್ಟರ್. ಸಾಲಿನ ನಡುವಿನ ಬೆಲೆ 1/4, ಸಮ ಸ್ಥಾನಗಳಲ್ಲಿ 0, ಬೆಸ ಸ್ಥಾನಗಳಲ್ಲಿ −1/(π²n²); n ಅಂದರೆ ನಡುವಿನಿಂದ ಎಷ್ಟನೇ ಸ್ಥಾನ. ಅಂದರೆ 0.25ರ ಅಕ್ಕಪಕ್ಕ −0.1013, ಆಮೇಲೆ 0, ಆಮೇಲೆ −0.0113. ಈ ಸಾಲನ್ನು −362ರಿಂದ 362ರವರೆಗೆ ಬರೆದು, 1024ರ ಉದ್ದಕ್ಕೆ ಸೊನ್ನೆ ತುಂಬಿ, ಎಫ್‌ಎಫ್‌ಟಿ (ಫೂರಿಯೆ ಲೆಕ್ಕದ ವೇಗದ ರೂಪ) ಮಾಡಿ, ಪ್ರೊಜೆಕ್ಷನ್ನಿನ ಎಫ್‌ಎಫ್‌ಟಿಯೊಂದಿಗೆ ಗುಣಿಸಿದೆ; ಉತ್ತರ ಕನ್ವಲ್ಯೂಷನ್ನಿನದೇ, ಬೇಗ ಬರುತ್ತದೆ ಅಷ್ಟೆ. 512 ಸಾಲದು: ಒಂದು ತುದಿಯದು ಸುತ್ತಿಬಂದು ಇನ್ನೊಂದು ತುದಿಯಲ್ಲಿ ಬೆರೆಯುತ್ತದೆ.

ಇಷ್ಟೆಲ್ಲ ಯಾಕೆ, ಆವರ್ತನದ ಕಡೆಯೇ |f| ಅಂತ ಒಂದು ಇಳಿಜಾರು ಗೆರೆ ಎಳೆದರಾಯಿತಲ್ಲ ಅನ್ನಿಸುತ್ತದೆ. ಎಳೆದೂ ನೋಡಬಹುದು. ಆಗ ಸೊನ್ನೆ ಆವರ್ತನದ ಬೆಲೆ ಪೂರ್ತಿ ಸೊನ್ನೆಯಾಗುತ್ತದೆ; ಮೇಲಿನ ಸಾಲಿನ ಮೊತ್ತವಾದರೋ ಸುಮಾರು 0.0003. ಈ ಚೂರು ಬೆಲೆ ಹೋದರೆ ಬಿಲ್ಲೆಯೊಳಗಿನ 1 ಸಾವಿರದಲ್ಲಿ ನಾಲ್ಕೈದು ಭಾಗ ಇಳಿದು, ಸುತ್ತಲ ಗಾಳಿ ಸೊನ್ನೆಗಿಂತ ಕೆಳಗಾಗುತ್ತದೆ. ಬಿಲ್ಲೆಯನ್ನು ನೀರು ಅಂದುಕೊಂಡರೆ ನಾಲ್ಕೈದು ಹೌನ್ಸ್‌ಫೀಲ್ಡ್ ಅಂಕದ (ಗಾಳಿ −1000, ನೀರು 0 ಎಂದು ಎಣಿಸುವ ಸಿಟಿ ಅಳತೆ) ತಪ್ಪು. ಮಿದುಳಿನ ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ಇರುವ ಅಂತರವೇ ಹತ್ತರ ಆಸುಪಾಸು. ಸೊನ್ನೆ ತುಂಬದಿದ್ದರೆ ತಪ್ಪು ಹಲವು ಪಟ್ಟು.

ಹಿಂದಕ್ಕೆ ಹರಡುವುದು ಸುಲಭ. ಪ್ರತಿ ಪಿಕ್ಸೆಲ್‌ಗೆ t = x cosθ + y sinθ; ಎರಡು ಡಿಟೆಕ್ಟರ್ ನಡುವೆ ಬಿದ್ದರೆ ಅಂತರಕ್ಕೆ ತಕ್ಕಂತೆ ಪಾಲು. ಕೊನೆಗೆ π/400ರಿಂದ ಗುಣಾಕಾರ. ಅದನ್ನು ಮರೆತರೆ 1ರ ಜಾಗದಲ್ಲಿ 127 ಬರುತ್ತದೆ.

ನಿಜವಾದ ಯಂತ್ರದ ಅಂಕಿಗಳಿಗೆ ಮೊದಲು −ln(I/I₀) ಮಾಡಿಕೊಳ್ಳಬೇಕು; I ಅಂದರೆ ವಸ್ತು ದಾಟಿ ಬಂದ ಎಕ್ಸ್‌ರೇ, I₀ ವಸ್ತುವಿಲ್ಲದಾಗ ಬರುವುದು. ತಿರುಗುವ ಕೇಂದ್ರ ಸರಿಯಾಗಿ 181ರಲ್ಲೇ ಇರುತ್ತದೆ ಅಂತ ನಂಬಬಾರದು. ಒಂದು ಪಿಕ್ಸೆಲ್ ಆಚೀಚೆಯಾದರೂ ಚುಕ್ಕೆಗಳು ಚಂದ್ರನ ಕಲೆಯಂತೆ ಬಾಗುತ್ತವೆ. 0 ಮತ್ತು 180 ಡಿಗ್ರಿಯ ಸಾಲುಗಳಲ್ಲಿ ಒಂದನ್ನು ಮಗುಚಿ, ಇನ್ನೊಂದರ ಮೇಲೆ ಕೂರಿಸಲು ಎಷ್ಟು ಸರಿಸಬೇಕೋ ಅದರ ಅರ್ಧವೇ ಕೇಂದ್ರದ ತಪ್ಪು. ಹಾಗಾಗಿ ಅಳತೆ ತೆಗೆಯುವಾಗ 180ನೇ ಡಿಗ್ರಿಯೂ ಬೇಕು, ಚಿತ್ರ ಕಟ್ಟುವಾಗ ಬೇಡ. ಕೆಟ್ಟ ಡಿಟೆಕ್ಟರ್ ಒಂದಿದ್ದರೆ ಬಳೆ ಮೂಡುತ್ತದೆ, 180 ಡಿಗ್ರಿ ಸ್ಕ್ಯಾನ್‌ನಲ್ಲಿ ಅರ್ಧ ಬಳೆ.

ನಾಯ್ಸ್ ಹೆಚ್ಚಿದ್ದರೆ ರಾಮ್-ಲ್ಯಾಕ್ ಅದನ್ನೂ ಎತ್ತಿ ತೋರಿಸುತ್ತದೆ. ಆಗ ಶೆಪ್ ಮತ್ತು ಲೋಗನ್ 1974ರಲ್ಲಿ ಕೊಟ್ಟ ಸಾಲು ಹಾಕುತ್ತೇನೆ: −2/(π²(4n²−1)). ಕೋಡಿನಲ್ಲಿ ಒಂದೇ ಸಾಲಿನ ಬದಲಾವಣೆ. ಅಂಚು ಕೊಂಚ ಮೆತ್ತಗಾಗುತ್ತದೆ, ಕಾಳುಕಾಳು ಕಡಿಮೆಯಾಗುತ್ತದೆ.