ಮೀಟರಿನಿಂದ ಸಂಪಿನವರೆಗೆ: ಮನೆಯ ಹಳೆಯ ನೀರಿನ ಪೈಪು ಬದಲಿಸುವ ಕ್ರಮ

ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಿಗೆ ಕಾವೇರಿ ನೀರು ಬರುವುದು ಹೆಚ್ಚಾಗಿ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ. ಮನೆ ಕಟ್ಟಿದಾಗ ಹೂತ ಆ ಪೈಪನ್ನು ಆಮೇಲೆ ಯಾರೂ ನೋಡಿರುವುದಿಲ್ಲ. ಸಂಪು ತುಂಬಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ನೀರು ಬಿಟ್ಟ ಕೂಡಲೇ ಬರುವ ಒಂದೆರಡು ಬಕೆಟ್ ಕಂದು ಬಣ್ಣಕ್ಕಿರುವುದು, ಕೆಲವೊಮ್ಮೆ ಚರಂಡಿಯ ವಾಸನೆ ಬರುವುದು, ಇವು ಪೈಪಿನ ಆಯುಸ್ಸು ಮುಗಿದಿರುವುದರ ಲಕ್ಷಣಗಳು. ಇವುಗಳಲ್ಲಿ ಕೊನೆಯದನ್ನು ಒಂದು ದಿನವೂ ಕಡೆಗಣಿಸಬಾರದು.

ದಿನದ ಇಪ್ಪತ್ತನಾಲ್ಕು ಗಂಟೆಯೂ ಒತ್ತಡದಲ್ಲಿರುವ ಪೈಪಿಗೆ ತೂತು ಬಿದ್ದರೆ ನೀರು ಹೊರಗೆ ಹೋಗುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ನಮ್ಮಲ್ಲಿ ಎರಡು ಮೂರು ದಿನಕ್ಕೊಮ್ಮೆ ಕೆಲವು ಗಂಟೆ ಮಾತ್ರ ನೀರು ಬಿಡುವುದರಿಂದ ವಾಲ್ವ್ ಮುಚ್ಚಿದ ಮೇಲೆ ಪೈಪು ಬರಿದಾಗುತ್ತದೆ. ಬರಿದಾಗುವಾಗ ಒಳಗೆ ಗಾಳಿಯ ಒತ್ತಡ ಕಡಿಮೆಯಾಗಿ, ಅದೇ ತೂತಿನಿಂದ ಸುತ್ತಲಿನ ಮಣ್ಣಿನ ನೀರನ್ನು ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಸೋರುವ ಯುಜಿಡಿ (ಒಳಚರಂಡಿ) ಪೈಪಿದ್ದರೆ ಮುಂದಿನ ಸರದಿಯಲ್ಲಿ ಸಂಪಿಗೆ ಬೀಳುವುದು ಅದರ ನೀರೇ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ನಿರಂತರ ನೀರಿನ ವ್ಯವಸ್ಥೆ ತಂದಾಗ ಮನೆಗಳ ಹಳೆಯ ಸಂಪರ್ಕಗಳನ್ನೂ ಬದಲಿಸಿದ್ದರ ಹಿಂದೆ ಇದೇ ತಿಳಿವಳಿಕೆಯಿತ್ತು. ಆದ್ದರಿಂದ ನೀರಿನ ಪೈಪಿನ ಸೋರಿಕೆಯನ್ನು ಬಿಲ್ಲಿನ ಲೆಕ್ಕದಲ್ಲಲ್ಲ, ಮನೆಯವರ ಆರೋಗ್ಯದ ಲೆಕ್ಕದಲ್ಲಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಗೆಯುವ ಮೊದಲು ದೋಷ ಎಲ್ಲಿದೆಯೆಂದು ತಿಳಿಯಬೇಕು. ನೀರು ಬಿಟ್ಟಿರುವ ಹೊತ್ತಿನಲ್ಲಿ ಸಂಪಿನ ಬಾಯಲ್ಲಿರುವ ವಾಲ್ವನ್ನು ಪೂರ್ತಿ ಮುಚ್ಚಿ, ಮಧ್ಯದಲ್ಲಿ ಬೇರೆ ನಲ್ಲಿಯಿದ್ದರೆ ಅದನ್ನೂ ಮುಚ್ಚಿ, ಮೀಟರಿನ ಗಾಜನ್ನು ಒರೆಸಿ ನೋಡಿ. ಅಂಕಿಗಳು ಕದಲದಿದ್ದರೂ ಅವುಗಳ ಪಕ್ಕದಲ್ಲಿರುವ ಪುಟ್ಟ ನಕ್ಷತ್ರದಂಥ ಚಕ್ರ ತಿರುಗುತ್ತಿದ್ದರೆ ಮೀಟರಿನಿಂದ ಸಂಪಿನವರೆಗಿನ ಭಾಗದಲ್ಲಿ ಸೋರಿಕೆಯಿದೆ. ಚಕ್ರ ನಿಂತಿದ್ದು ನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ, ಮೀಟರಿನ ಹತ್ತಿರದ ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಿ ಸೇರಿಸಬಹುದಾದ ಜಾಯಿಂಟು) ಬಿಚ್ಚಿ ಅಲ್ಲಿ ಒಂದು ಬಕೆಟ್ ತುಂಬಲು ಎಷ್ಟು ಹೊತ್ತಾಗುತ್ತದೆ, ಸಂಪಿನ ಬಾಯಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಹೋಲಿಸಬೇಕು. ಮೀಟರಿನ ಬಳಿ ಜೋರಾಗಿದ್ದು ಸಂಪಿನಲ್ಲಿ ಸಣ್ಣಗಾದರೆ ತುಕ್ಕು ಕಟ್ಟಿರುವುದು ನಮ್ಮ ಕಾಂಪೌಂಡಿನೊಳಗೆ. ಮೀಟರಿನಲ್ಲೇ ಸಣ್ಣಗಿದ್ದರೆ ತೊಂದರೆ ರಸ್ತೆಯ ಕಡೆಗೆ.

ರಸ್ತೆಯ ಕಡೆಯದನ್ನು ನಾವಾಗಿ ಮುಟ್ಟುವಂತಿಲ್ಲ. ಬೀದಿಯ ದೊಡ್ಡ ಕೊಳವೆಗೆ ನಮ್ಮ ಸಂಪರ್ಕ ಸೇರುವ ಫೆರೂಲ್‌ನಿಂದ ಮೀಟರಿನವರೆಗಿನ ಕೆಲಸವನ್ನು ಜಲಮಂಡಳಿಗೆ ಅರ್ಜಿ ಕೊಟ್ಟು, ಪರವಾನಗಿಯಿರುವ ಪ್ಲಂಬರಿನ ಮೂಲಕವೇ ಮಾಡಿಸಬೇಕು. ರಸ್ತೆ ಅಗೆಯಲು ಅನುಮತಿಯೂ ಬೇಕು. ನೀರಿನಲ್ಲಿ ಕೊಳಚೆಯ ವಾಸನೆ ಬಂದರೆ ಜಲಮಂಡಳಿಯ 1916 ಸಂಖ್ಯೆಗೆ ಅಂದೇ ದೂರು ಕೊಡುವುದು ಒಳ್ಳೆಯದು, ಏಕೆಂದರೆ ತೂತು ನಮ್ಮ ಮನೆಯ ಪೈಪಿನಲ್ಲಿಯೇ ಇರಬೇಕೆಂದಿಲ್ಲ.

ಕಾಂಪೌಂಡಿನೊಳಗೆ ಒಂದೇ ಕಡೆ ಸೋರುತ್ತಿದ್ದರೆ ಅಷ್ಟನ್ನೇ ಕತ್ತರಿಸಿ ತೇಪೆ ಹಾಕುವ ಆಸೆ ಸಹಜ. ಪಿಕಾಸಿ ಬಿದ್ದೋ ಬೋರ್‌ವೆಲ್ ಲಾರಿ ಹತ್ತಿಯೋ ಒಡೆದ ಹೊಸ ಪೈಪಾದರೆ ಅದು ಸರಿಯೇ. ಹಳೆಯ ಜಿಐ ಪೈಪಿನಲ್ಲಿ ಹಾಗಲ್ಲ. ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ, ಒಳಗೋಡೆಯ ತುಂಬ ಕೆಂಪು ಕಂದು ಬಣ್ಣದ ತುಕ್ಕಿನ ಗಂಟುಗಳು ಬೆಳೆದು ನಡುವೆ ಪೆನ್ಸಿಲ್ ಮಾತ್ರ ತೂರುವಷ್ಟು ದಾರಿ ಉಳಿದಿರುವುದು ಕಾಣಿಸುತ್ತದೆ. ಉಗುರಿನಿಂದ ಒತ್ತಿದರೆ ಗಂಟು ಪುಡಿಯಾಗಿ ಉದುರುತ್ತದೆ, ಅದರ ಅಡಿಯ ಲೋಹ ಕಾಗದದಷ್ಟು ತೆಳುವಾಗಿರುತ್ತದೆ. ಅಂಥ ಪೈಪಿಗೆ ಹೊಸ ಸಾಕೆಟ್ ಕೂರಿಸಲು ರೆಂಚು ತಿರುಗಿಸುವ ಬಲಕ್ಕೇ ಪಕ್ಕದ ಜಾಯಿಂಟು ಸಡಿಲವಾಗುತ್ತದೆ. ಮೀಟರಿನಿಂದ ಸಂಪಿನವರೆಗೆ ಪೂರ್ತಿ ಬದಲಿಸುವುದೇ ಕೊನೆಗೆ ಅಗ್ಗ.

ಇಲ್ಲಿ ಅನೇಕರು ಮರೆಯುವ, ಆದರೆ ಜೀವಕ್ಕೇ ಅಪಾಯ ತರಬಲ್ಲ ಸಂಗತಿಯೊಂದಿದೆ. ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ತಂತಿಯನ್ನು, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ತಂತಿಯನ್ನು, ನೆಲದೊಳಗಿನ ಜಿಐ ನೀರಿನ ಪೈಪಿಗೇ ಸುತ್ತಿ ಬಿಟ್ಟಿರುವುದುಂಟು. ಆ ಪೈಪನ್ನು ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿದ ಗಳಿಗೆಯಲ್ಲಿ ಮನೆಯ ಅರ್ಥಿಂಗ್ ಇಲ್ಲವಾಗುತ್ತದೆ. ಗೀಸರಿನಲ್ಲೋ ವಾಷಿಂಗ್ ಮಷೀನಿನಲ್ಲೋ ದೋಷ ಬಂದ ದಿನ ಅದು ಗೊತ್ತಾಗುತ್ತದೆ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪರೀಕ್ಷಿಸಿ, ಪ್ರತ್ಯೇಕ ಅರ್ಥಿಂಗ್ ಗುಂಡಿ ಇಲ್ಲದಿದ್ದರೆ ಅದನ್ನು ಮಾಡಿಸಿದ ಮೇಲೆಯೇ ಪೈಪು ಕೀಳಿಸಬೇಕು. ಹಳೆಯ ಪೈಪು ಕತ್ತರಿಸುವಾಗ ಮೇನ್ ಸ್ವಿಚ್ ಆಫ್ ಮಾಡಿರುವುದು ಕ್ಷೇಮ.

ಹೊಸ ಪೈಪಿಗೆ ನಾನು ಮೊದಲು ಹೇಳುವುದು ಸುರುಳಿಯಲ್ಲಿ ಬರುವ ನೀಲಿ ಎಂಡಿಪಿಇ (ಬಾಗುವ ಪಾಲಿಥೀನ್ ಪ್ಲಾಸ್ಟಿಕ್) ಪೈಪನ್ನು. ಅರ್ಧ ಇಂಚಿನ ಸಂಪರ್ಕಕ್ಕೆ 20 ಮಿಲಿಮೀಟರಿನದು ಹೊಂದುತ್ತದೆ. ಮೀಟರಿನಿಂದ ಸಂಪಿನವರೆಗೆ ಒಂದೇ ತುಂಡು ಹಾಕಬಹುದಾದ್ದರಿಂದ ನೆಲದೊಳಗೆ ಒಂದೂ ಜಾಯಿಂಟು ಇರುವುದಿಲ್ಲ, ಮತ್ತು ಸೋರಿಕೆ ಶುರುವಾಗುವುದು ಬಹುಮಟ್ಟಿಗೆ ಜಾಯಿಂಟಿನಲ್ಲಿಯೇ. ಬಿಸಿಲಿಗೆ ಮಾತ್ರ ಅದನ್ನು ಒಡ್ಡಬಾರದು. ಯುಪಿವಿಸಿ (ಬಾಗದ ಗಟ್ಟಿ ಪ್ಲಾಸ್ಟಿಕ್) ಹಾಕುವುದಾದರೆ ಪೈಪಿನ ಮೇಲೆ ಐಎಸ್ 4985 ಎಂಬ ಭಾರತೀಯ ಮಾನಕದ ಗುರುತನ್ನು ನೋಡಿ ಕೊಳ್ಳಿ. ಜಿಐ ಬೇಕೇ ಬೇಕೆನ್ನುವವರು ಐಎಸ್ 1239ರ ಪೈಪುಗಳಲ್ಲಿ ಹಳದಿ ಪಟ್ಟಿಯದು ತೆಳುವು, ನೀಲಿಯದು ಮಧ್ಯಮ, ಕೆಂಪಿನದು ದಪ್ಪ ಎಂಬುದನ್ನು ನೆನಪಿಟ್ಟು, ಹೂಳುವ ಪೈಪಿಗೆ ಹಳದಿ ಪಟ್ಟಿಯದನ್ನು ಬೇಡವೆನ್ನಬೇಕು.

ವಾಲ್ವ್‌ಮನ್ ಮತ್ತೆ ನೀರು ಬಿಡುವ ದಿನವನ್ನು ಕೇಳಿಕೊಂಡು, ಸಂಪು ತುಂಬಿದ ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಿದರೆ ಅವಸರವಿರುವುದಿಲ್ಲ. ಪೈಪು ಹೂಳಲು ಅಗೆಯುವ ಕಾಲುವೆ ಒಂದೂವರೆ ಅಡಿ ಆಳವಿರಲಿ. ಕಾರು ನಿಲ್ಲುವ ಜಾಗದಲ್ಲಿ ಎರಡು ಅಡಿಗೆ ಕಡಿಮೆ ಬೇಡ. ಯುಜಿಡಿ ಪೈಪಿನಿಂದ ಸಾಧ್ಯವಾದಷ್ಟು ದೂರ ಹೋಗಬೇಕು. ಮೂವತ್ತು–ನಲವತ್ತರ ಸೈಟಿನಲ್ಲಿ ದೂರಕ್ಕೆ ಜಾಗವೇ ಇರುವುದಿಲ್ಲವಾದ್ದರಿಂದ, ಅಡ್ಡ ಹಾಯುವಲ್ಲಿ ನೀರಿನ ಪೈಪು ಮೇಲೆ, ಕೊಳಚೆಯ ಪೈಪು ಕೆಳಗೆ ಇರುವಂತೆ ಮಾಡಿ, ನೀರಿನ ಪೈಪನ್ನು ಅಲ್ಲಿ ಎರಡು ಇಂಚಿನ ಇನ್ನೊಂದು ಪೈಪಿನೊಳಗೆ ತೂರಿಸಿ ಒಯ್ಯಬೇಕು. ಆ ಹತ್ತಿರದಲ್ಲಿ ಜಾಯಿಂಟು ಇರಕೂಡದು. ಕಾಲುವೆಯ ತಳಕ್ಕೆ ಮೂರು ನಾಲ್ಕು ಇಂಚು ಎಂ-ಸ್ಯಾಂಡ್ ಅಥವಾ ಜರಡಿ ಹಿಡಿದ ಮಣ್ಣು ಹಾಸಬೇಕು. ಕಟ್ಟಡ ಒಡೆದ ಚೂರುಗಳ ಮೇಲೆ ಪೈಪು ಮಲಗಿಸಿದರೆ ಕಾರಿನ ಭಾರಕ್ಕೆ ಒಂದು ಚೂಪು ಕಲ್ಲು ಸಾಕು.

ಮೀಟರಿನ ಬದಿಯ ಯೂನಿಯನ್ ಬಿಚ್ಚುವಾಗ ಒಂದು ರೆಂಚಿನಿಂದ ಮೀಟರಿನ ಕಡೆಯ ಪೈಪನ್ನು ಅಲ್ಲಾಡದಂತೆ ಹಿಡಿದು, ಇನ್ನೊಂದರಿಂದ ಮಾತ್ರ ತಿರುಗಿಸಬೇಕು. ಇಲ್ಲವಾದರೆ ತಿರುಚುವಿಕೆ ರಸ್ತೆಯ ಕಡೆಗೆ ಹೋಗಿ, ಮುಟ್ಟಬಾರದ ಕಡೆ ಸೋರಿಕೆ ತರುತ್ತದೆ. ಮೀಟರಿನ ಸೀಲ್ ಒಡೆಯಬಾರದು. ಮೀಟರು ದಾಟಿದ ಕೂಡಲೇ ಒಂದು ವಾಲ್ವ್ ಮತ್ತು ಒಂದು ಯೂನಿಯನ್ ಹಾಕಿಸಿಕೊಂಡರೆ ಮುಂದಿನ ಯಾವ ರಿಪೇರಿಗೂ ವಾಲ್ವ್‌ಮನ್‌ಗಾಗಿ ಕಾಯಬೇಕಿಲ್ಲ. ಎಂಡಿಪಿಇ ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಕಂಪ್ರೆಷನ್ ಫಿಟ್ಟಿಂಗಿನೊಳಗೆ ಕೊನೆ ಮುಟ್ಟುವವರೆಗೆ ತಳ್ಳಿ ನಟ್ಟು ಬಿಗಿಯಬೇಕು. ಯುಪಿವಿಸಿಯಾದರೆ ಪೈಪಿಗೂ ಫಿಟ್ಟಿಂಗಿಗೂ ಸಾಲ್ವೆಂಟ್ ಸಿಮೆಂಟ್ ಎಂಬ ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ ಅರ್ಧ ನಿಮಿಷ ಹಿಡಿದು, ಒಂದು ದಿನ ಒಣಗಲು ಬಿಡಬೇಕು. ಲೋಹದ ತಿರುಪು ಪ್ಲಾಸ್ಟಿಕ್ಕಿಗೆ ಸೇರುವಲ್ಲಿ ಒಳಗೆ ಹಿತ್ತಾಳೆಯಿರುವ ಫಿಟ್ಟಿಂಗನ್ನೇ ಬಳಸಬೇಕು. ಬರಿಯ ಪ್ಲಾಸ್ಟಿಕ್ಕಿನದು ಬಿಗಿಯುವಾಗಲೇ ಕೂದಲೆಳೆಯಷ್ಟು ಸೀಳಿ, ತಿಂಗಳುಗಳ ನಂತರ ಸೋರತೊಡಗುತ್ತದೆ.

ನೀರು ಬರುವವರೆಗೆ ಕಾಲುವೆ ಮುಚ್ಚಕೂಡದು. ಬಂದಾಗ ಸಂಪಿನ ವಾಲ್ವ್ ಮುಚ್ಚಿ, ಪೂರ್ತಿ ಒತ್ತಡದಲ್ಲಿ ಒಂದು ಗಂಟೆ ಬಿಟ್ಟು, ಪ್ರತಿ ಜಾಯಿಂಟನ್ನೂ ಒಣ ಟಿಶ್ಯೂ ಕಾಗದದಿಂದ ಒರೆಸಿ ನೋಡಬೇಕು. ಮೀಟರಿನ ನಕ್ಷತ್ರ ನಿಂತೇ ಇರಬೇಕು. ಪೈಪಿನೊಳಗೆ ಮಣ್ಣು ಸೇರಿರುತ್ತದೆಯಾದ್ದರಿಂದ ಮೊದಲ ನೀರನ್ನು ಸಂಪಿಗೆ ಬಿಡದೆ ಗಿಡಗಳಿಗೆ ಹರಿಸಬೇಕು. ಈ ಮೊದಲು ಕೊಳಚೆ ಬೆರೆತಿದ್ದರೆ ಸಂಪನ್ನೂ ಶುದ್ಧ ಮಾಡಬೇಕು: ಪ್ರತಿ ಸಾವಿರ ಲೀಟರ್ ನೀರಿಗೆ ಸುಮಾರು 200 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಯಲಿನಲ್ಲಿ ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಸಂಪಿಗೆ ಹಾಕಿ, ಅರ್ಧ ದಿನ ಬಿಟ್ಟು, ಆ ನೀರನ್ನು ಯಾವುದಕ್ಕೂ ಬಳಸದೆ ಹೊರಹಾಕಬೇಕು. ಸಂಪಿನೊಳಗೆ ಒಬ್ಬರೇ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಜೀವಗಳು ಹೋಗಿವೆ.

ಹೊಸ ಪೈಪಿನಲ್ಲಿ ನೀರು ಇನ್ನೂ ಬೇಗ ಬರಲೆಂದು ಮೀಟರಿನ ಮುಂದೆ ಮೋಟಾರು ಕೂರಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತಲೂ ಮುಖ್ಯವಾಗಿ, ಆ ಮೋಟಾರು ಬೀದಿಯ ಕೊಳವೆಯ ತೂತುಗಳಿಂದ ಕೊಳಚೆಯನ್ನು ಎಳೆದು ನೆರೆಮನೆಯವರ ಸಂಪಿಗೂ ಮುಟ್ಟಿಸುತ್ತದೆ.

ಕಾಲುವೆ ಮುಚ್ಚುವ ಮುನ್ನ ಟೇಪು ಹಿಡಿದು, ಕಾಂಪೌಂಡ್ ಗೋಡೆಯಿಂದ ಪೈಪು ಎಷ್ಟು ದೂರದಲ್ಲಿದೆ, ಎಷ್ಟು ಆಳದಲ್ಲಿದೆ, ಯುಜಿಡಿಯನ್ನು ಎಲ್ಲಿ ದಾಟುತ್ತದೆ ಎಂದು ಅಳೆದು, ಫೋಟೊ ತೆಗೆದು, ಆ ಅಳತೆಗಳನ್ನು ಬರೆದ ಹಾಳೆಯನ್ನು ನೀರಿನ ಬಿಲ್ಲುಗಳ ಫೈಲಿನಲ್ಲಿ ಇಡಿ.