ಕಡಲು ಕಾಯುವವರ ಜೊತೆಗಿನ ಕೆಲಸ: ಒಬ್ಬ ಸಂಯೋಜಕಿಯ ಅನುಭವ

ಕರಾವಳಿಯ ಸಮುದಾಯಗಳು ತಮ್ಮ ಕಡಲಿನ ಒಂದು ಭಾಗವನ್ನು ತಾವೇ ಕಾಯ್ದುಕೊಳ್ಳುವ ಯೋಜನೆಗಳಲ್ಲಿ ನಾನು ಹಲವು ವರ್ಷಗಳಿಂದ ಸಂಯೋಜಕಿಯಾಗಿ ಕೆಲಸ ಮಾಡುತ್ತ ಬಂದಿದ್ದೇನೆ. ಇಂಥ ಯೋಜನೆಯ ಬಗ್ಗೆ ವಿಚಾರಿಸುವವರು ಎಷ್ಟು ಹೆಕ್ಟೇರ್ ಪ್ರದೇಶವನ್ನು ಮುಚ್ಚಲಾಗಿದೆ, ಅಂದರೆ ಅಲ್ಲಿ ಹಿಡಿಯುವುದನ್ನು ನಿಲ್ಲಿಸಲಾಗಿದೆ, ಮೀನು ಎಷ್ಟು ಹೆಚ್ಚಿದೆ ಎಂದೇ ಸಾಮಾನ್ಯವಾಗಿ ಕೇಳುತ್ತಾರೆ. ಕೆಲಸ ಆರಂಭಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಬೇರೆಯದು: ಹಿಡಿಯುವುದನ್ನು ನಿಲ್ಲಿಸಿದ ಮೊದಲ ದಿನವೇ ಯಾರ ಸಂಪಾದನೆ ನಿಲ್ಲುತ್ತದೆ? ಆ ಜನರು ಯಾರೆಂದು ಮನೆಮನೆಯ ಲೆಕ್ಕದಲ್ಲಿ ತಿಳಿಯುವವರೆಗೆ ಗಡಿ ಗುರುತಿಸುವ ಕೆಲಸಕ್ಕಾಗಲಿ, ನಿಯಮ ಬರೆಯುವ ಕೆಲಸಕ್ಕಾಗಲಿ ನಾನು ಕೈಹಾಕುವುದಿಲ್ಲ.

ಪಟ್ಟಿಯಲ್ಲಿ ಮೊದಲು ಬರುವ ಹೆಸರುಗಳು ದೋಣಿ ಇರುವವರವು, ಏಕೆಂದರೆ ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಊರಿನ ಪರವಾಗಿ ಮಾತಾಡುವವರು ಅವರೇ. ಆದರೆ ಒಂದು ಜಾಗ ಮುಚ್ಚಿದರೆ ದೋಣಿಯವರು ಇನ್ನೊಂದು ಜಾಗಕ್ಕೆ ಹೋಗಬಲ್ಲರು. ಇಳಿತದ ಹೊತ್ತಿನಲ್ಲಿ ಬರಿಗಾಲಿನಲ್ಲಿ ನಡೆದು ಚಿಪ್ಪಿಕಲ್ಲು, ಏಡಿ, ಆಕ್ಟೋಪಸ್ ಹುಡುಕುವ ಮಹಿಳೆಯರಿಗೆ ಮತ್ತು ವಯಸ್ಸಾದವರಿಗೆ ಕಾಲು ಕೊಂಡೊಯ್ಯುವಷ್ಟು ದೂರವೇ ಕಡಲು. ಕಾವಲಿಗೆ ಸುಲಭ, ದಡದಿಂದಲೇ ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ ಸಭೆಗಳು ಹೆಚ್ಚಾಗಿ ಆರಿಸುವುದು ಇದೇ ದಡದ ಅಂಚನ್ನು. ಹೀಗೆ ನಷ್ಟ ಹೊರುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು ಆಗಿಬಿಡುತ್ತಾರೆ. ಸಣ್ಣ ಪ್ರಮಾಣದ ಮೀನುಗಾರಿಕೆಯನ್ನು ಕುರಿತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮತ್ತು ಅದರ ಸಹಭಾಗಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕಸುಬಿನ ಸರಪಳಿಯಲ್ಲಿ ದುಡಿಯುವ ಹತ್ತು ಜನರಲ್ಲಿ ಸುಮಾರು ನಾಲ್ವರು ಮಹಿಳೆಯರೆಂದು ಹೇಳುತ್ತದೆ. ಸಭೆಯ ಹಾಜರಿ ಪುಸ್ತಕದಲ್ಲಿ ಆ ಪ್ರಮಾಣ ಕಾಣುವುದು ಅಪರೂಪ.

ಅವರು ಸಭೆಗೆ ಬಾರದಿರುವುದಕ್ಕೆ ಸಂಕೋಚವೇ ಕಾರಣವೆಂದು ಹಲವರು ಹೇಳುತ್ತಾರೆ. ಸಂಕೋಚವೂ ಇರಬಹುದು, ಆದರೆ ನಾನು ಕಂಡ ದೊಡ್ಡ ಕಾರಣ ಉಬ್ಬರವಿಳಿತ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಆ ದಿನಗಳಲ್ಲಿ ಚಿಪ್ಪಿಕಲ್ಲು ಹೆಕ್ಕುವವರು ಯಾರೂ ಮನೆಯಲ್ಲಿ ಇರುವುದಿಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಪ್ರತಿ ವಾರ ಇಂಥ ದಿನ ಇಷ್ಟು ಗಂಟೆಗೆ ಸಭೆ ಎಂಬ ಕಚೇರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ನಾವು ಮುಖ್ಯ ಸಭೆಗಳನ್ನು ನೀರಿನ ಏರಿಳಿತ ಕಡಿಮೆಯಿರುವ ಅಷ್ಟಮಿಯ ಹತ್ತಿರದ ದಿನಗಳಿಗೆ, ಅದೂ ನೀರು ತುಂಬಿರುವ ಹೊತ್ತಿಗೆ ಇಟ್ಟುಕೊಂಡೆವು. ಈ ಒಂದು ಬದಲಾವಣೆಯಿಂದ ಸಭೆಯ ಚರ್ಚೆಯೇ ಬದಲಾಯಿತು. ಎಲ್ಲಿ ಮರಿ ಚಿಪ್ಪುಗಳು ನೆಲೆಗೊಳ್ಳುತ್ತವೆ, ಯಾವ ತಿಂಗಳಲ್ಲಿ ಮಾಂಸ ತುಂಬಿ ಯಾವ ತಿಂಗಳಲ್ಲಿ ಬಡಕಲಾಗುತ್ತದೆ, ಯಾವ ಮರಳುದಿಣ್ಣೆ ಮಳೆಗಾಲದ ನಂತರ ಜಾಗ ಬದಲಿಸುತ್ತದೆ ಎಂಬುದನ್ನು ಹೇಳಬಲ್ಲವರು ಆಗ ಕೋಣೆಯೊಳಗೆ ಇದ್ದರು.

ನಕ್ಷೆಯನ್ನು ನಾವು ಮೊದಲು ಬರೆದದ್ದು ನಡೆದಾಡುತ್ತಲೇ. ಚಿಪ್ಪಿಕಲ್ಲು ಹೆಕ್ಕುವವರು ಮುಂದೆ ನಡೆದರು, ನಾನು ಮತ್ತು ಜೊತೆಗಿದ್ದ ಕಡಲ ಜೀವವಿಜ್ಞಾನಿ ಹಿಂದೆ ನಡೆದು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡೆವು. ಇಂಥ ಯೋಜನೆಯಲ್ಲಿ ವಿಜ್ಞಾನಿಯ ಪಾತ್ರವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಒಂದು ಜೀವಿ ಎಷ್ಟು ಗಾತ್ರಕ್ಕೆ ಬೆಳೆದಾಗ ಸಂತಾನಕ್ಕೆ ಸಿದ್ಧವಾಗುತ್ತದೆ, ಅದರ ಮರಿಗಳು ನೀರಿನಲ್ಲಿ ಎಷ್ಟು ಕಾಲ ತೇಲುತ್ತವೆ ಎಂಬ ತಿಳಿವಳಿಕೆಯಿಂದಲೇ ಎಷ್ಟು ಕಾಲ, ಎಲ್ಲಿ ಮುಚ್ಚಬೇಕೆಂದು ತೀರ್ಮಾನಿಸಲು ಸಾಧ್ಯ. ಸಣ್ಣ ಪ್ರದೇಶವನ್ನು ಮುಚ್ಚಿ ಫಲ ಕಾಣಬೇಕಾದರೆ ಚಿಪ್ಪಿಕಲ್ಲಿನಂತೆ ನೆಲೆಯೂರಿ ಬದುಕುವ ಜೀವಿಯಿಂದ ಆರಂಭಿಸಬೇಕು. ದೂರದೂರ ಈಜುವ ಮೀನಿನ ಹೆಸರಿನಲ್ಲಿ ಆರಂಭಿಸಿದರೆ ಜನರಿಗೆ ಕೊಟ್ಟ ಮಾತನ್ನು ಕಡಲು ಉಳಿಸಿಕೊಡುವುದಿಲ್ಲ.

ಈ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವ ಉದಾಹರಣೆ ಫಿಜಿಯ ಉಕುನಿವನುಆ ಗ್ರಾಮದ್ದು. 1997ರಲ್ಲಿ ಆ ಊರಿನವರು ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದವರ ನೆರವಿನಿಂದ ಗ್ರಾಮದ ಮುಂದಿನ 24 ಹೆಕ್ಟೇರ್ ಕಡಲನ್ನು ಮೂರು ವರ್ಷದ ಮಟ್ಟಿಗೆ, ತಮ್ಮ ಸಂಪ್ರದಾಯದ ‘ತಬು’ ಪದ್ಧತಿಯಂತೆ ಮುಚ್ಚಿದರು. ಗಡಿ ನೆಡುವ, ಚಿಪ್ಪಿಕಲ್ಲು ಎಣಿಸುವ ಕೆಲಸಕ್ಕೆ ಊರಿನಿಂದಲೇ 20 ಜನರನ್ನು ಆರಿಸಿದರು. ಆರಂಭದಲ್ಲಿ 5 ಸೆಂಟಿಮೀಟರಿಗಿಂತ ದೊಡ್ಡ ಚಿಪ್ಪಿಕಲ್ಲು ಸಿಗುವುದೇ ಅಪರೂಪವಾಗಿದ್ದ ಜಾಗದಲ್ಲಿ ಕೆಲವು ವರ್ಷಗಳ ನಂತರ 8 ಸೆಂಟಿಮೀಟರಿಗೂ ದೊಡ್ಡವು ವಾಡಿಕೆಯಾಗಿ ಸಿಗತೊಡಗಿದವು, ಮುಚ್ಚದೆ ಬಿಟ್ಟಿದ್ದ ಪಕ್ಕದ ಜಾಗದಲ್ಲಿಯೂ ಸಂಖ್ಯೆ ಏರಿತು. ಎಣಿಸಿದವರು ಊರಿನವರೇ ಆದ್ದರಿಂದ ಆ ಫಲಿತಾಂಶವನ್ನು ಅವರಿಗೆ ಹೊರಗಿನವರು ಬಂದು ನಂಬಿಸಬೇಕಾಗಿರಲಿಲ್ಲ.

ನಾವೂ ಎಣಿಕೆಯನ್ನು ಹಾಗೆಯೇ ಇಟ್ಟುಕೊಂಡೆವು. ಚೌಕಟ್ಟೊಂದನ್ನು ಮರಳಿನ ಮೇಲಿಟ್ಟು, ಅದರೊಳಗೆ ಅಗೆದು, ಜರಡಿ ಹಿಡಿದು, ಸಿಕ್ಕ ಚಿಪ್ಪುಗಳನ್ನು ಅಳೆದು ಮತ್ತೆ ಅಲ್ಲೇ ಹೂತುಬಿಡುವುದು. ಲೆಕ್ಕ ಬರೆಯುವ ಜವಾಬ್ದಾರಿ ಶಾಲೆ ಮುಗಿಸಿ ಊರಿನಲ್ಲೇ ಉಳಿದ ಯುವತಿಯರಿಗೆ ಬಂತು. ಸಭೆಯಲ್ಲಿ ಗ್ರಾಫ್ ತೋರಿಸುವ ಬದಲು, ಕಳೆದ ಬಾರಿ ಸಿಕ್ಕ ಸರಾಸರಿ ಚಿಪ್ಪಿನ ಮತ್ತು ಈ ಬಾರಿ ಸಿಕ್ಕದ್ದರ ಹೊರಗೆರೆಯನ್ನು ಅಷ್ಟೇ ಗಾತ್ರದಲ್ಲಿ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಹೆಕ್ಕುವವರು ತಮ್ಮ ಅಂಗೈಯನ್ನು ಅದರ ಮೇಲಿಟ್ಟು ನೋಡಿ ಚರ್ಚೆಗೆ ಇಳಿಯುತ್ತಿದ್ದರು.

ಇನ್ನು ಕಾವಲು. ಇದು ಎಲ್ಲಕ್ಕಿಂತ ಕಠಿಣವಾದ ಕೆಲಸ, ಏಕೆಂದರೆ ಗಡಿ ದಾಟಿ ಬರುವವರಲ್ಲಿ ಕಾವಲುಗಾರನ ಸ್ವಂತ ದೊಡ್ಡಪ್ಪನೋ ಭಾವನೋ ಇರಬಹುದು. ಬೇರೆ ಬೇರೆ ಮನೆತನದ ಇಬ್ಬರನ್ನು ಸದಾ ಜೊತೆಯಾಗಿ ಕಳುಹಿಸುವ ಕ್ರಮವನ್ನು ನಾವು ತಂದೆವು. ಇದರಿಂದ ದಾಕ್ಷಿಣ್ಯಕ್ಕೆ ಸುಮ್ಮನಿರುವ ಒತ್ತಡವೂ ಹಗೆ ತೀರಿಸಿಕೊಳ್ಳುವ ಆರೋಪವೂ ತಗ್ಗಿದವು. ಮೊದಲ ತಪ್ಪಿಗೆ ಕರೆದು ತಿಳಿಹೇಳುವುದು, ಎರಡನೆಯದಕ್ಕೆ ಬಲೆಯನ್ನು ಮುಂದಿನ ಸಭೆಯವರೆಗೆ ಇರಿಸಿಕೊಳ್ಳುವುದು, ಆಮೇಲೆ ದಂಡ. ಶಿಕ್ಷೆ ಹಂತಹಂತವಾಗಿ ಏರಬೇಕು, ಕಾವಲಿನವರು ಬಳಕೆದಾರರಿಗೇ ಉತ್ತರದಾಯಿಗಳಾಗಿರಬೇಕು ಎಂಬುದನ್ನು 2009ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ಹಲವು ದೇಶಗಳ ಸಾಮೂಹಿಕ ಸಂಪನ್ಮೂಲಗಳನ್ನು ಅಧ್ಯಯನ ಮಾಡಿ ತೋರಿಸಿಕೊಟ್ಟಿದ್ದರು. ಕಾವಲಿಗೆ ಇಂಧನದ ವೆಚ್ಚವನ್ನೂ ಕಳೆದುಕೊಂಡ ದಿನದ ಮೀನಿನ ಬೆಲೆಯನ್ನೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹೊರಗಿನ ಅನುದಾನದಿಂದ ಸಂಬಳ ಕೊಡಬಾರದು, ಅನುದಾನ ಮುಗಿದ ತಿಂಗಳೇ ಕಾವಲೂ ಮುಗಿಯುತ್ತದೆ. ಹೊರಗಿನಿಂದ ಬರುವ ದೊಡ್ಡ ದೋಣಿಗಳನ್ನು ಎದುರಿಸಲು ಊರಿನವರನ್ನು ಎಂದೂ ಕಳುಹಿಸಬಾರದು. ಅಲ್ಲಿ ಬೇಕಾದುದು ಕಾನೂನಿನ ಬಲ. ಫಿಲಿಪ್ಪೀನ್ಸ್‌ನಲ್ಲಿ ದಡದಿಂದ 15 ಕಿಲೋಮೀಟರ್‌ವರೆಗಿನ ನೀರು ಸ್ಥಳೀಯ ಆಡಳಿತಗಳ ಅಧಿಕಾರಕ್ಕೆ ಒಳಪಟ್ಟಿರುವುದರಿಂದ ಅಲ್ಲಿನ ‘ಬಂಟಾಯ್ ದಾಗತ್’ ಎಂಬ ಕಡಲ ಕಾವಲು ಪಡೆಗಳ ಮಾತಿಗೆ ತೂಕವಿದೆ.

ಅದೇ ದೇಶದ ಎರಡು ದ್ವೀಪಗಳ ಕಥೆ ಈ ಕ್ಷೇತ್ರದವರಿಗೆಲ್ಲ ಗೊತ್ತಿದೆ. ಸಿಲ್ಲಿಮನ್ ವಿಶ್ವವಿದ್ಯಾಲಯದ ಏಂಜೆಲ್ ಅಲ್ಕಾಲಾ ಅವರ ಪ್ರಯತ್ನದಿಂದ 1974ರಲ್ಲಿ ಸುಮಿಲಾನ್‌ನಲ್ಲಿ, 1982ರಲ್ಲಿ ಆಪೊದಲ್ಲಿ ಮೀನು ಹಿಡಿಯದ ವಲಯಗಳು ಆರಂಭವಾದವು. ಸುಮಿಲಾನ್‌ನಲ್ಲಿ ಜನವಸತಿ ಇರಲಿಲ್ಲ. ಸ್ಥಳೀಯ ರಾಜಕೀಯ ಬದಲಾದಾಗ, 1984ರ ಹೊತ್ತಿಗೆ, ರಕ್ಷಣೆ ಕುಸಿದುಬಿದ್ದಿತು ಮತ್ತು ಸುತ್ತಲಿನವರಿಗೆ ಸಿಗುವ ಮೀನೂ ಇಳಿಯಿತು. ಆಪೊದಲ್ಲಿ ಅಲ್ಲೇ ವಾಸಿಸುವ ಕುಟುಂಬಗಳು ವಲಯವನ್ನು ತಮ್ಮದೆಂದು ಒಪ್ಪಿಕೊಂಡಿದ್ದವು, ಅದು ಉಳಿಯಿತು.

ಹೆಚ್ಚು ಜನ ಮರೆಯುವ ಇನ್ನೊಂದು ವರ್ಗವೆಂದರೆ ದಡದಲ್ಲಿ ಮೀನು ಕೊಳ್ಳುವ ವ್ಯಾಪಾರಿಗಳು. ಹಲವು ಮನೆಗಳಿಗೆ ಮುಂಗಡ ಸಾಲ ಕೊಟ್ಟಿರುವವರು ಅವರೇ. ಮುಚ್ಚುವ ತಿಂಗಳುಗಳಲ್ಲಿ ಸಾಲದ ಕಂತು ನಿಲ್ಲದಿದ್ದರೆ ಸಾಲಗಾರ ರಾತ್ರಿ ಹೊತ್ತು ಗಡಿ ದಾಟಲೇಬೇಕಾಗುತ್ತದೆ. ಆದ್ದರಿಂದ ನಿಯಮ ಬರೆಯುವ ಮುನ್ನವೇ ವ್ಯಾಪಾರಿಗಳನ್ನು ಕೂರಿಸಿಕೊಂಡು, ಆ ಅವಧಿಯ ಕಂತನ್ನು ಮುಂದೂಡುವ ಮತ್ತು ಮುಚ್ಚಿದ ಜಾಗದ ಮಾಲನ್ನು ಕೊಳ್ಳದಿರುವ ಒಪ್ಪಂದಕ್ಕೆ ಬರುತ್ತೇವೆ. ದೊಡ್ಡ ಗಾತ್ರದ ಮಾಲಿಗೆ ಹೆಚ್ಚಿನ ಬೆಲೆ ಸಿಗುವುದರಿಂದ ಅವರಿಗೂ ಇದರಲ್ಲಿ ಲಾಭವಿದೆ. ಅವರ ಖರೀದಿ ಪುಸ್ತಕಗಳು ಹಳೆಯ ವರ್ಷಗಳಲ್ಲಿ ಎಷ್ಟು ಹಿಡಿಯುತ್ತಿದ್ದರೆಂದು ತಿಳಿಯಲು ನಮಗೆ ಸಿಕ್ಕ ಅತ್ಯುತ್ತಮ ದಾಖಲೆಗಳೂ ಹೌದು.

ಮತ್ತೆ ತೆರೆಯುವ ದಿನಕ್ಕೂ ಮುಚ್ಚುವ ದಿನದಷ್ಟೇ ಸಿದ್ಧತೆ ಬೇಕು. ಮಡಗಾಸ್ಕರ್‌ನ ಅಂದಾವದುವಕದಲ್ಲಿ 2004ರಲ್ಲಿ ಆಕ್ಟೋಪಸ್ ಹಿಡಿಯುವುದನ್ನು ಏಳು ತಿಂಗಳು ನಿಲ್ಲಿಸಿ ನಡೆಸಿದ ಪ್ರಯೋಗ ಅಕ್ಕಪಕ್ಕದ ಊರುಗಳಿಗೂ ಹಬ್ಬಿ, ಮುಂದೆ ಹಲವು ಗ್ರಾಮಗಳು ಸೇರಿ ‘ವೆಲೊಂಡ್ರಿಆಕೆ’ ಎಂಬ ಒಟ್ಟು ವ್ಯವಸ್ಥೆಯನ್ನು ಕಟ್ಟಿಕೊಂಡವು. ಅಂಥ ಒಕ್ಕೂಟದ ಅಗತ್ಯ ನನಗೆ ಅರ್ಥವಾದದ್ದು ತೆರೆಯುವ ದಿನಗಳಲ್ಲೇ: ಒಂದು ಊರು ತಿಂಗಳುಗಟ್ಟಲೆ ಕಾದ ಜಾಗಕ್ಕೆ ನೆರೆಯ ಊರುಗಳವರೆಲ್ಲ ಅಂದೇ ಬಂದಿಳಿದರೆ, ಕಾದವರ ಪಾಲಿಗೆ ಉಳಿಯುವುದು ಅಲ್ಪ. ಈಗ ನಾವು ನೆರೆಯ ಊರಿನವರನ್ನು ಮುಚ್ಚುವ ಸಭೆಗೇ ಕರೆಯುತ್ತೇವೆ. ತೆರೆದ ಮೊದಲ ಇಳಿತ ನಡೆದು ಹೆಕ್ಕುವವರಿಗೆ ಮೀಸಲು, ದೋಣಿಗಳ ಸರದಿ ಆನಂತರ. ಇಂತಿಷ್ಟು ಗಾತ್ರಕ್ಕಿಂತ ಸಣ್ಣದನ್ನು ಅಲ್ಲೇ ಬಿಡಬೇಕು. ತಲಾ ಎಷ್ಟು ಬುಟ್ಟಿ ಎಂಬುದನ್ನು ಹಿಂದಿನ ವಾರದ ಎಣಿಕೆ ನೋಡಿ ಸಮಿತಿ ತೀರ್ಮಾನಿಸುತ್ತದೆ. ಆ ತೀರ್ಮಾನದಲ್ಲಿ ನನಗೆ ಮತವಿಲ್ಲ, ಇರಬಾರದೆಂದು ನಾನೇ ಕೇಳಿಕೊಂಡಿದ್ದೇನೆ. ಎಣಿಕೆಯ ಪುಸ್ತಕವನ್ನು ಪರಿಶೀಲಿಸುವುದು ಮತ್ತು ಮೀನುಗಾರಿಕೆ ಇಲಾಖೆಗೆ ಕಳುಹಿಸುವ ವರದಿಯನ್ನು ಬರೆದುಕೊಡುವುದು ಮಾತ್ರ ಈಗ ನನ್ನ ಕೆಲಸ, ಆ ವರದಿಯನ್ನೂ ಮುಂದಿನ ಬಾರಿಯಿಂದ ಲೆಕ್ಕ ಬರೆಯುವ ಯುವತಿಯರೇ ಬರೆಯಲಿದ್ದಾರೆ.