ವೃಕ್ಷೋದ್ಯಾನಗಳು ಜೊತೆಗೂಡಿ ಮರಗಳನ್ನು ಉಳಿಸುವ ಬಗೆ

ಅಪರೂಪದ ಪ್ರಭೇದವೊಂದರ ಒಂದೆರಡು ಮರಗಳು ಒಂದು ಉದ್ಯಾನದಲ್ಲಿ ಸೊಂಪಾಗಿ ಬೆಳೆದಿದ್ದ ಮಾತ್ರಕ್ಕೆ ಆ ಪ್ರಭೇದ ಉಳಿಯಿತೆಂದು ಹೇಳಲಾಗದು. ಜಗತ್ತಿನ ಸುಮಾರು 58,500 ಮರ ಪ್ರಭೇದಗಳಲ್ಲಿ ಶೇ. 30ರಷ್ಟು ಅಳಿವಿನ ಭೀತಿಯಲ್ಲಿವೆ ಎಂದು 2021ರ ಜಾಗತಿಕ ವರದಿಯೊಂದು ತಿಳಿಸಿತು. ಇಷ್ಟನ್ನು ಕಾಯುವ ನೆಲವಾಗಲಿ ಸಿಬ್ಬಂದಿಯಾಗಲಿ ಯಾವ ಒಂದು ಸಂಸ್ಥೆಯಲ್ಲೂ ಇಲ್ಲ.

ಆದ್ದರಿಂದ ಮೊದಲು ನಿಮ್ಮ ಉದ್ಯಾನದ ಮರಗಳ ಪಟ್ಟಿಯನ್ನು ಸರಿಯಾದ ವೈಜ್ಞಾನಿಕ ಹೆಸರುಗಳೊಂದಿಗೆ ಸಿದ್ಧಪಡಿಸಿ, ಸಸ್ಯೋದ್ಯಾನಗಳ ಜಾಗತಿಕ ಒಕ್ಕೂಟವಾದ ಬೊಟಾನಿಕ್ ಗಾರ್ಡನ್ಸ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ನಡೆಸುವ ‘ಪ್ಲಾಂಟ್‌ಸರ್ಚ್’ ದತ್ತಾಂಶಕೋಶಕ್ಕೆ ಸೇರಿಸಿರಿ. ಯಾವ ಪ್ರಭೇದ ಹಲವೆಡೆ ಇದೆ, ಯಾವುದು ಬೆರಳೆಣಿಕೆಯ ಉದ್ಯಾನಗಳಲ್ಲಷ್ಟೇ ಉಳಿದಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಅಮೆರಿಕದ ಮಾರ್ಟನ್ ವೃಕ್ಷೋದ್ಯಾನ 2011ರಲ್ಲಿ ಆರಂಭಿಸಿದ ‘ಆರ್ಬ್‌ನೆಟ್’ ಎಂಬ ವೃಕ್ಷೋದ್ಯಾನಗಳ ಜಾಲವು ನಾಲ್ಕು ಹಂತಗಳಲ್ಲಿ ಮಾನ್ಯತೆ ನೀಡುವುದರಿಂದ ಸಣ್ಣ ಉದ್ಯಾನವೂ ಅದನ್ನು ಸೇರಬಹುದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೂಲದ ದಾಖಲೆ. ಬೀಜವನ್ನು ಯಾವ ಕಾಡಿನಿಂದ, ಯಾವ ತಾಯಿಮರದಿಂದ, ಯಾವಾಗ ಸಂಗ್ರಹಿಸಲಾಯಿತು ಎಂಬ ವಿವರವಿಲ್ಲದ ಮರ ಕಣ್ಣಿಗೆ ಎಷ್ಟೇ ಚೆಂದವಾಗಿದ್ದರೂ ಸಂರಕ್ಷಣೆಯ ಲೆಕ್ಕಕ್ಕೆ ಹೆಚ್ಚೇನೂ ಒದಗದು. ಹಲವು ಬಗೆಯ ಓಕ್‌ಗಳು ಒತ್ತಟ್ಟಿಗೆ ಬೆಳೆದ ಉದ್ಯಾನದಲ್ಲಿ ಅವುಗಳ ಪರಾಗ ಸುಲಭವಾಗಿ ಬೆರೆಯುವುದರಿಂದ, ಅಲ್ಲಿ ಆಯ್ದ ಬೀಜದಿಂದ ಮಿಶ್ರತಳಿಯೇ ಹುಟ್ಟಬಹುದು. ಸಾಧ್ಯವಾದ ಕಡೆಯೆಲ್ಲ ಕಾಡಿನ ಅನೇಕ ತಾಯಿಮರಗಳಿಂದ ಬೀಜ ತಂದು, ಪ್ರತಿ ತಾಯಿಮರದ ಸಸಿಗಳಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟು, ಆ ಸಂಖ್ಯೆ ಮರದ ಜೀವಮಾನವಿಡೀ ಅಳಿಯದಂತೆ ನೋಡಿಕೊಳ್ಳಬೇಕು.

ಅನಂತರದ ಕೆಲಸ ಹಂಚಿಕೊಳ್ಳುವುದು. ಓಕ್ ಬೀಜಗಳನ್ನು ಒಣಗಿಸಿದರೆ ಅವು ಸಾಯುತ್ತವೆ; ಸಾಮಾನ್ಯ ಬೀಜ ಬ್ಯಾಂಕಿನಲ್ಲಿ ಶೀತಲೀಕರಿಸಿ ಇಡಲಾಗದ ಇಂಥ ಪ್ರಭೇದಗಳಿಗೆ ಜೀವಂತ ಮರಗಳೇ ಮುಖ್ಯ ಆಸರೆ. ಒಂದೇ ತಾಯಿಮರದ ಸಸಿಗಳನ್ನು ಬೇರೆ ಬೇರೆ ಹವಾಮಾನದ ಹಲವು ಉದ್ಯಾನಗಳಲ್ಲಿ ನೆಟ್ಟರೆ, ಒಂದೆಡೆ ಬೆಂಕಿಯೋ ರೋಗವೋ ಬಂದಾಗಲೂ ಆ ವಂಶವಾಹಿ ಇನ್ನೊಂದೆಡೆ ಉಳಿಯುತ್ತದೆ. ಅಮೆರಿಕದ ಜಾರ್ಜಿಯಾದ ಫ್ರಾಂಕ್ಲಿನಿಯಾ ಮರ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಕಾಡಿನಿಂದ ಕಣ್ಮರೆಯಾಯಿತು. ತೋಟಗಳಲ್ಲಿ ಬೆಳೆಸಿದ್ದರಿಂದಲೇ ಅದು ಇಂದಿಗೂ ಹೂ ಬಿಡುತ್ತಿದೆ, ಆದರೆ ಅಲ್ಪ ಸಂಗ್ರಹದಿಂದ ಬಂದ ವಂಶವಾದ್ದರಿಂದ ಅದರ ಆನುವಂಶಿಕ ವೈವಿಧ್ಯ ತೀರಾ ಕಿರಿದು. 1994ರಲ್ಲಿ ಆಸ್ಟ್ರೇಲಿಯಾದಲ್ಲಿ ಪತ್ತೆಯಾದ ವೊಲೆಮಿ ಪೈನ್ ವಿಷಯದಲ್ಲಿ ಹಾಗಾಗಬಾರದೆಂದು, ವಿಭಿನ್ನ ಆನುವಂಶಿಕ ಮೂಲದ ಸಸಿಗಳನ್ನು ಆರಿಸಿ ಅನೇಕ ದೇಶಗಳ ಉದ್ಯಾನಗಳಿಗೆ ಕಳುಹಿಸಲಾಗಿದೆ.

ಗಡಿ ದಾಟುವ ಬೀಜ, ಸಸಿಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ದೇಶದ ಒಪ್ಪಿಗೆ ಮತ್ತು ಲಾಭ ಹಂಚಿಕೆಯ ಕುರಿತು ನಗೋಯಾ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳನ್ನೂ ಪಾಲಿಸಬೇಕು. ಇದು ನಿಧಾನದ ಕೆಲಸವಾದರೂ ಇದನ್ನು ಬಿಟ್ಟು ಮುಂದುವರಿದರೆ, ನೆರವಿನ ಜೊತೆಗೆ ಹೊಸ ಕೀಟವನ್ನೂ ಕಳುಹಿಸಿದಂತಾಗುತ್ತದೆ. ನಿಮ್ಮ ಉದ್ಯಾನದಲ್ಲಿರುವ ಪರದೇಶದ ಮರಗಳಲ್ಲಿ ಕಂಡ ರೋಗಲಕ್ಷಣಗಳನ್ನು ಅವುಗಳ ತವರಿನ ಉದ್ಯಾನಗಳಿಗೆ ತಪ್ಪದೆ ತಿಳಿಸಿರಿ. ಅಲ್ಲಿನ ಕಾಡಿಗೆ ಆ ರೋಗ ತಲುಪುವ ಮುನ್ನವೇ ಸಿದ್ಧತೆ ಮಾಡಿಕೊಳ್ಳಲು ಅವರಿಗೆ ಕಾಲಾವಕಾಶ ಸಿಗುತ್ತದೆ.